ಹಿಂದಿನ ಗಾಜಿನ ಧೂಳು, ಟಾಪ್ ಮೇಲಿನ ಗಂಟು

ವಾಡಿಯಿಂದ ಶಹಾಬಾದಿಗೆ ಹೋಗಿಬಂದ ಕಾರನ್ನು ನಿಲ್ಲಿಸಿ ಒಂದು ಸುತ್ತು ಹಾಕಿದರೆ ಒಂದು ವಿಚಿತ್ರ ಕಾಣುತ್ತದೆ. ಸಿಮೆಂಟಿನ, ಕಲ್ಲಿನ ಲಾರಿಗಳು ಎಬ್ಬಿಸಿದ ಧೂಳಿನೊಳಗೆ ಮೊದಲು ನುಗ್ಗಿದ್ದು ಕಾರಿನ ಮೂತಿ. ಆದರೂ ಮುಂದಿನ ಗಾಜು ಅಷ್ಟಿಷ್ಟು ಮಸುಕಾಗಿರುತ್ತದೆ, ಅಷ್ಟೆ. ಹಿಂದಿನ ಗಾಜಿನ ಮೇಲೆ ಮಾತ್ರ ಬೆರಳಲ್ಲಿ ಹೆಸರು ಬರೆಯುವಷ್ಟು ಬಿಳಿ ಪುಡಿ ಕೂತಿರುತ್ತದೆ. ಬೆನ್ನು ಚಪ್ಪಟೆಯಾಗಿ ನೇರ ಕೆಳಗಿಳಿಯುವ ಕಾರುಗಳಲ್ಲಂತೂ ಇದು ಇನ್ನೂ ಹೆಚ್ಚು. ಧೂಳಿಗೆ ಎದುರಾದದ್ದು ಮುಂಭಾಗ, ಧೂಳು ಮೆತ್ತಿಕೊಂಡದ್ದು ಹಿಂಭಾಗಕ್ಕೆ. ಅಂದರೆ ಹಿಂದೆ ಬಿಟ್ಟುಬಂದ ಧೂಳು ಓಡುವ ಕಾರನ್ನು ಬೆನ್ನಟ್ಟಿ ಹಿಡಿದಿದೆ.

ಇನ್ನೊಂದು ಸಂಗತಿಯೂ ಎಲ್ಲರಿಗೂ ಅರ್ಧ ಗೊತ್ತಿರುವಂಥದ್ದೇ. ಮನೆಮಂದಿಯೆಲ್ಲ ಶ್ರೀಶೈಲಕ್ಕೋ ತಿರುಪತಿಗೋ ಹೊರಟಾಗ ಡಿಕ್ಕಿ ಸಾಲದೆ ಟಾಪ್ ಮೇಲೆ ಕ್ಯಾರಿಯರ್ ಹಾಕಿಸಿ ಗಂಟು ಕಟ್ಟುತ್ತಾರೆ. ಮೈಲೇಜು ಬೀಳುತ್ತದೆ. ಯಾಕೆ ಎಂದು ಕೇಳಿದರೆ ‘ವಜನ ಆಯ್ತಲ್ರೀ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಆದರೆ ಅದೇ ಗಂಟನ್ನು ಇಳಿಸಿ ಒಳಗೆ ಕಾಲಬುಡದಲ್ಲಿ ಇಟ್ಟರೆ ವಜನ ಒಂದು ಗ್ರಾಮೂ ಕಡಿಮೆಯಾಗುವುದಿಲ್ಲ, ಮೈಲೇಜು ಮಾತ್ರ ಹೆಚ್ಚುಕಡಿಮೆ ಹಳೆಯ ಜಾಗಕ್ಕೇ ಬರುತ್ತದೆ. ಗಾಜಿನ ಧೂಳಿಗೂ ಗಂಟಿನ ಖರ್ಚಿಗೂ ಕಾರಣ ಒಂದೇ. ಆ ಕಾರಣ ತಿಳಿದರೆ ಪ್ರವಾಸಕ್ಕೆ ಹೆಚ್ಚಿನ ಸಾಮಾನು ಎಲ್ಲಿ ಇಡಬೇಕು, ಅದಕ್ಕೆ ಏನು ಕೊಳ್ಳಬೇಕು, ಏನು ಕೊಳ್ಳಬಾರದು ಎಂಬುದು ಅಂಗಡಿಯವನನ್ನು ಕೇಳದೆಯೂ ಗೊತ್ತಾಗುತ್ತದೆ.

ಏಳು ಸೀಟು, ಒಂದು ಸೂಟ್‌ಕೇಸು

ಮೊದಲು ಈ ಇಕ್ಕಟ್ಟು ಹುಟ್ಟಿದ್ದು ಹೇಗೆಂದು ನೋಡಬೇಕು. ನಮ್ಮ ದೇಶದಲ್ಲಿ 2006ರಿಂದ 4 ಮೀಟರಿಗಿಂತ ಗಿಡ್ಡ ಇರುವ, ಸಣ್ಣ ಎಂಜಿನ್ನಿನ ಕಾರಿಗೆ ತೆರಿಗೆ ಕಡಿಮೆ. ಜಿಎಸ್‌ಟಿ ಬಂದ ಮೇಲೂ ಈ ಗೆರೆ ಅಳಿಯಲಿಲ್ಲ. 2025ರ ಸೆಪ್ಟೆಂಬರ್ 22ರಿಂದ ಗೆರೆಯ ಈಚೆಗಿನ ಕಾರಿಗೆ 18 ಪ್ರತಿಶತ, ಆಚೆಗಿನದಕ್ಕೆ 40 ಪ್ರತಿಶತ. ಹೀಗಾಗಿ ಕಂಪನಿಗಳು 4 ಮೀಟರಿನೊಳಗೆ ಎಷ್ಟು ತುರುಕಬಹುದೋ ಅಷ್ಟು ತುರುಕುತ್ತವೆ. ರೆನೋ ಟ್ರೈಬರ್ ಉದ್ದ 3.99 ಮೀಟರ್. ಅದರಲ್ಲಿ ಏಳು ಸೀಟುಗಳಿವೆ, ಆದರೆ ಏಳೂ ಸೀಟು ಎತ್ತಿ ನಿಲ್ಲಿಸಿದಾಗ ಡಿಕ್ಕಿಗೆ ಉಳಿಯುವುದು 84 ಲೀಟರ್. ಮಧ್ಯಮ ಗಾತ್ರದ ಒಂದು ಟ್ರಾಲಿ ಸೂಟ್‌ಕೇಸು, ಪಕ್ಕದಲ್ಲಿ ಒಂದು ಕೈಚೀಲ, ಮುಗಿಯಿತು. 4 ಮೀಟರ್ ದಾಟಿದ ಮಾರುತಿ ಎರ್ಟಿಗಾದಲ್ಲಿ ಕೂಡ ಮೂರನೇ ಸಾಲಿನಲ್ಲಿ ಜನ ಕೂತಾಗ ಉಳಿಯುವುದು 209 ಲೀಟರ್. ಸಿಎನ್‌ಜಿ ಮಾದರಿ ಕೊಂಡವರಿಗೆ ಇದರಲ್ಲೂ ಪಾಲು ಕೊಡಬೇಕಾಗುತ್ತದೆ, ಸಿಲಿಂಡರಿಗೂ ಎಲ್ಲಾದರೂ ಜಾಗ ಬೇಕಲ್ಲ.

ಏಳು ಜನರ ಮೂರು ದಿನದ ಬಟ್ಟೆ, ಹಾಸಿಗೆ-ಕೌದಿ, ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಕುಡಿಯುವ ನೀರಿನ ಕ್ಯಾನು, ಮಕ್ಕಳ ಸಾಮಾನು ಸೇರಿದರೆ 400 ಲೀಟರ್ ದಾಟುವುದು ಕಷ್ಟವೇನಲ್ಲ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದಿನವರಿಗೆ ಕನಿಷ್ಠ ರೈಲಾದರೂ ಇದೆ; ಸಿಕಂದರಾಬಾದಿನಿಂದ ವಾಡಿಗೆ ನಿಜಾಮನ ರೈಲು ಬಂದದ್ದು 1874ರಲ್ಲೇ. ಚಿಂಚೋಳಿಗೆ ಅದೂ ಇಲ್ಲ. ರೈಲು ಹತ್ತಬೇಕೆಂದರೂ ಮೊದಲು ತಾಂಡೂರಿಗೋ ಕಲಬುರಗಿಗೋ ರಸ್ತೆಯಲ್ಲೇ ಹೋಗಬೇಕು. ಆದ್ದರಿಂದ ಕಾರು, ಆದ್ದರಿಂದ ಟಾಪ್.

ತೂಕದ ಮೇಲೆ ಹೊರಿಸಿದ ತಪ್ಪು

ಸಮತಟ್ಟಾದ ರಸ್ತೆಯಲ್ಲಿ ಒಂದೇ ವೇಗದಲ್ಲಿ ಓಡುವ ಕಾರು ಎರಡು ಶಕ್ತಿಗಳ ವಿರುದ್ಧ ದುಡಿಯುತ್ತದೆ. ಟೈರು ನೆಲಕ್ಕೆ ಒತ್ತಿ ಅಮುಕಿ ಮತ್ತೆ ಅರಳುವಾಗ ಆಗುವ ನಷ್ಟ ಒಂದು. ಇದನ್ನು ಉರುಳುತಡೆ ಎನ್ನೋಣ. ಎದುರಿನ ಗಾಳಿಯನ್ನು ಸರಿಸಿಕೊಂಡು ಹೋಗುವ ಕಷ್ಟ ಇನ್ನೊಂದು, ಇದು ಗಾಳಿತಡೆ. ಉರುಳುತಡೆ ತೂಕವನ್ನು ನೋಡುತ್ತದೆ, ಗಾಳಿತಡೆ ತೂಕದತ್ತ ಕಣ್ಣೆತ್ತಿಯೂ ನೋಡುವುದಿಲ್ಲ. ಕಣದಲ್ಲಿ ಜೋಳದ ರಾಶಿ ತೂರುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೊರ ಎತ್ತಿ ಹಿಡಿದು ಸುರಿದರೆ ಕಾಳು ಕಾಲಬುಡಕ್ಕೇ ಬೀಳುತ್ತದೆ, ಹೊಟ್ಟು ಹಾರಿ ದೂರ ಹೋಗುತ್ತದೆ. ಎರಡರ ಮೇಲೂ ಬೀಸುವುದು ಒಂದೇ ಗಾಳಿ. ಕಾಳನ್ನು ನೆಲ ಎಳೆಯುತ್ತದೆ, ಏಕೆಂದರೆ ಅದಕ್ಕೆ ತೂಕವಿದೆ. ಹೊಟ್ಟನ್ನು ಗಾಳಿ ಎಳೆಯುತ್ತದೆ, ಏಕೆಂದರೆ ತೂಕಕ್ಕೆ ಹೋಲಿಸಿದರೆ ಅದರ ಮೈ ದೊಡ್ಡದು. ಟಾಪ್ ಮೇಲಿನ ಗಂಟಿಗೂ ಇದೇ ನಿಯಮ. ಅದರಲ್ಲಿ ಎಷ್ಟು ಕಿಲೋ ಇದೆ ಎಂದು ಗಾಳಿ ಕೇಳುವುದಿಲ್ಲ, ಎಷ್ಟು ಅಗಲ, ಎಷ್ಟು ಎತ್ತರ ಎದ್ದು ನಿಂತಿದೆ ಎಂದಷ್ಟೇ ಕೇಳುತ್ತದೆ.

ಅಂದಾಜು ಲೆಕ್ಕ ಹಾಕೋಣ. ಜನ ತುಂಬಿದ ಏಳು ಸೀಟಿನ ಕಾರಿನ ತೂಕ ಸುಮಾರು 1,700 ಕಿಲೋ ಎಂದಿಟ್ಟುಕೊಂಡರೆ ಅದರ ಉರುಳುತಡೆ 20 ಕಿಲೋ ಭಾರವನ್ನು ಎತ್ತಿ ಹಿಡಿಯುವಷ್ಟು. ಇದಕ್ಕೆ 60 ಕಿಲೋ ಸಾಮಾನು ಸೇರಿಸಿದರೆ ಹೆಚ್ಚುವುದು ಮುಕ್ಕಾಲು ಕಿಲೋಗೂ ಕಡಿಮೆ. ಅದೇ 60 ಕಿಲೋವನ್ನು ಒಂದು ಮೀಟರ್ ಅಗಲ, ಮೊಳಕ್ಕೆ ತುಸು ಕಡಿಮೆ ಎತ್ತರದ ಗಂಟುಗಳಾಗಿ ಟಾಪ್ ಮೇಲೆ ಕಟ್ಟಿ ಗಂಟೆಗೆ 100 ಕಿಮೀ ಓಡಿಸಿದರೆ ಗಾಳಿತಡೆಯಲ್ಲಿ ಹೆಚ್ಚುವುದು 12 ಕಿಲೋ ಆಸುಪಾಸು. ಮುಕ್ಕಾಲು ಎಲ್ಲಿ, ಹನ್ನೆರಡು ಎಲ್ಲಿ! ಪೆಟ್ರೋಲಿನಲ್ಲಿ ಹೇಳುವುದಾದರೆ ಗಾಳಿಯ ಪಾಲು 100 ಕಿಮೀಗೆ ಒಂದೂಕಾಲು ಲೀಟರಿನಷ್ಟು.

‘ಘಾಟು ಹತ್ತುವಾಗ ವಜನ ಲೆಕ್ಕಕ್ಕೆ ಬರುವುದಿಲ್ಲವೆ?’ ಎಂಬ ಪ್ರಶ್ನೆ ನ್ಯಾಯವಾದದ್ದೇ. ಬರುತ್ತದೆ, ಆದರೆ ನಾವು ಎಣಿಸಿದಷ್ಟಲ್ಲ. ಬೆಂಗಳೂರು ಸೇಡಂಗಿಂತ ಸುಮಾರು 500 ಮೀಟರ್ ಎತ್ತರದಲ್ಲಿದೆ. 60 ಕಿಲೋ ಗಂಟನ್ನು ಅಷ್ಟೆತ್ತರಕ್ಕೆ ಏರಿಸಲು ಬೇಕಾದ ಪೆಟ್ರೋಲು 40 ಮಿಲಿಲೀಟರಿಗೂ ಕಡಿಮೆ, ಸಣ್ಣ ಚಹಾದ ಕಪ್ಪಿನ ಅರ್ಧ. ಊರೊಳಗೆ ಹೆಜ್ಜೆಹೆಜ್ಜೆಗೆ ನಿಂತು ಹೊರಡುವಾಗ ತೂಕದ ಖರ್ಚು ಇನ್ನಷ್ಟು ಏರುತ್ತದೆ ನಿಜ. ಎಲ್ಲ ಕೂಡಿಸಿಯೂ, 45 ಕಿಲೋ ಹೆಚ್ಚಿನ ಭಾರಕ್ಕೆ ಮೈಲೇಜು ಸುಮಾರು 1 ಪ್ರತಿಶತ ಕುಗ್ಗುತ್ತದೆ ಎಂಬುದು ಅಮೆರಿಕ ಸರ್ಕಾರ ವಾಹನ ಮಾಲೀಕರಿಗೆ ಕೊಡುವ ಅಂಕಿ. ಟಾಪ್ ಮೇಲೆ ಕೂರಿಸುವ ದೊಡ್ಡ ಮೊಂಡು ಪೆಟ್ಟಿಗೆಗೆ ಅವರೇ ಕೊಡುವ ಅಂಕಿ ಬೇರೆ: ಊರೊಳಗೆ 2ರಿಂದ 8 ಪ್ರತಿಶತ, ಹೆದ್ದಾರಿಯಲ್ಲಿ 6ರಿಂದ 17, ಗಂಟೆಗೆ 105–120 ಕಿಮೀ ವೇಗದಲ್ಲಿ 10ರಿಂದ 25. ಪೆಟ್ಟಿಗೆ ಅದೇ, ಕಾರು ಅದೇ. ಬದಲಾದದ್ದು ವೇಗ ಮಾತ್ರ.

ಬೆನ್ನ ಹಿಂದಿನ ಪೊಳ್ಳು

ಗಾಳಿತಡೆ ಎಂದ ಕೂಡಲೆ ಮುಂದಿನಿಂದ ಎದೆಗೆ ಬಡಿಯುವ ಗಾಳಿಯೇ ಕಣ್ಣ ಮುಂದೆ ಬರುತ್ತದೆ. ನಿಜವಾದ ತುಂಟತನ ನಡೆಯುವುದು ಹಿಂದೆ. ಕಾರಿನ ಮೂತಿ ಸೀಳಿದ ಗಾಳಿ ಗಾಜಿನ ಮೇಲೆ ಏರಿ, ಟಾಪ್ ಸವರಿಕೊಂಡು ಹಿಂದೆ ಹರಿಯುತ್ತದೆ. ಟಾಪ್ ಮುಗಿದು ಬೆನ್ನು ಥಟ್ಟನೆ ಕೆಳಗಿಳಿದಾಗ ಗಾಳಿಗೆ ಅಷ್ಟು ಚುರುಕಾಗಿ ತಿರುಗಲು ಆಗುವುದಿಲ್ಲ. ಅದು ನೇರ ಮುಂದುವರಿಯುತ್ತದೆ. ಬೆನ್ನ ಹಿಂದೆ ಒತ್ತಡ ಕಡಿಮೆಯಾದ ಒಂದು ಜಾಗ ಉಳಿಯುತ್ತದೆ. ಇದನ್ನು ಪೊಳ್ಳು ಎಂದು ಕರೆಯೋಣ. ಈ ಪೊಳ್ಳನ್ನು ತುಂಬಲು ಕೆಳಗಿನಿಂದ, ಪಕ್ಕದಿಂದ ಗಾಳಿ ಸುಳಿಸುಳಿಯಾಗಿ ನುಗ್ಗುತ್ತದೆ, ಚಕ್ರ ಎಬ್ಬಿಸಿದ ಧೂಳನ್ನೂ ಎಳೆದು ತಂದು ಹಿಂದಿನ ಗಾಜಿಗೆ ಬಳಿಯುತ್ತದೆ. ವಾಡಿ ರಸ್ತೆಯ ಬಿಳಿ ಪುಡಿ ಅಲ್ಲಿಗೆ ಬಂದದ್ದು ಹೀಗೆ. ಮುಂದೆ ಹೆಚ್ಚು ಒತ್ತಡ, ಹಿಂದೆ ಕಡಿಮೆ ಒತ್ತಡ; ಈ ವ್ಯತ್ಯಾಸವೇ ಕಾರನ್ನು ಹಿಂದಕ್ಕೆ ಹಿಡಿದೆಳೆಯುವ ಕೈ. ಗಾಳಿತಡೆಯ ದೊಡ್ಡ ಪಾಲು ಇದೇ.

ಟಾಪ್ ಮೇಲೆ ಗಂಟು ಕಟ್ಟಿದಾಗ ಏನಾಗುತ್ತದೆ ಎಂಬುದು ಈಗ ತಾನಾಗಿ ಗೊತ್ತಾಗುತ್ತದೆ. ನುಣ್ಣಗೆ ಹರಿಯುತ್ತಿದ್ದ ಗಾಳಿಗೆ ನಡುದಾರಿಯಲ್ಲಿ ಒಂದು ಗೋಡೆ ಅಡ್ಡ ಬಂತು. ಆ ಗೋಡೆಯ ಹಿಂದೆ ಇನ್ನೊಂದು ಪೊಳ್ಳು ಹುಟ್ಟಿತು, ಟಾಪ್‌ನ ಕೊನೆಯವರೆಗೆ ಗಾಳಿ ಕದಡಿಹೋಯಿತು. ಕಾರು ಇನ್ನು ಎಳೆಯಬೇಕಾದದ್ದು ತನ್ನ ಪೊಳ್ಳನ್ನಷ್ಟೇ ಅಲ್ಲ, ಗಂಟಿನದನ್ನೂ. ಮೇಲೆ ಹೊದಿಸಿದ ತಾಡಪತ್ರಿ ಸಡಿಲವಿದ್ದು ಪಟಪಟ ಬಡಿದುಕೊಂಡರೆ ಆ ಬಡಿತಕ್ಕೂ ಶಕ್ತಿ ಎಂಜಿನ್ನೇ ಕೊಡಬೇಕು.

ಇದರಿಂದ ಎರಡು ಕೆಲಸದ ಮಾತು ಹೊರಡುತ್ತವೆ. ಒಂದು, ಕಟ್ಟುವ ರೀತಿ. 70 ಸೆಂಟಿಮೀಟರ್ ಎತ್ತರ, 45 ಅಗಲ, 25 ದಪ್ಪದ ಟ್ರಾಲಿಯನ್ನು ನಿಲ್ಲಿಸಿ ಕಟ್ಟಿದರೆ ಗಾಳಿಗೆ ಕಾಣುವುದು 70 ಗುಣಿಸು 45ರ ಮುಖ. ಅದನ್ನೇ ಉದ್ದುದ್ದಕ್ಕೆ ಮಲಗಿಸಿದರೆ 25 ಗುಣಿಸು 45, ಅಂದರೆ ಮೂರನೆಯ ಒಂದು ಪಾಲಿಗಿಂತ ತುಸು ಹೆಚ್ಚು. ಅದರ ಬೆನ್ನಿಗೆ ಇನ್ನೊಂದನ್ನು ಅದೇ ಸಾಲಿನಲ್ಲಿ ಮಲಗಿಸಿದರೆ ಎರಡನೆಯದು ಮೊದಲನೆಯದರ ಪೊಳ್ಳಿನಲ್ಲೇ ಕೂತುಬಿಡುತ್ತದೆ, ಅದಕ್ಕೆ ಖರ್ಚು ಬಹಳ ಕಡಿಮೆ. ಸಾಮಾನು ಇಳಿಸಲು ಸುಲಭ ಎಂದು ಅಡ್ಡಡ್ಡ ಜೋಡಿಸುವವರು ಆ ಸುಲಭಕ್ಕೆ ದಾರಿಯುದ್ದ ಬೆಲೆ ಕೊಡುತ್ತಿರುತ್ತಾರೆ. ಎರಡು, ಬಾಲದ ಆಕಾರ. ಮುಂಭಾಗ ಚೂಪಾಗಿದ್ದರೆ ಸಾಕು ಎಂಬುದು ಅರ್ಧ ಸತ್ಯ. ಹಿಂಭಾಗ ಮೆಲ್ಲಗೆ ಇಳಿಯುತ್ತ ಹೋದರೆ ಪೊಳ್ಳು ಚಿಕ್ಕದಾಗುತ್ತದೆ. ಎತ್ತರದ ಗಂಟು ನಡುವೆಯಿದ್ದು ಹಿಂದಕ್ಕೆ ತಗ್ಗುತ್ತ ಹೋಗಬೇಕೇ ಹೊರತು ಕೊನೆಯಲ್ಲಿ ಗೋಡೆಯ ಹಾಗೆ ನಿಲ್ಲಬಾರದು.

ಚಿಂಚೋಳಿ ರಸ್ತೆಯ ಲೆಕ್ಕ, ಹೆದ್ದಾರಿಯ ಲೆಕ್ಕ

‘ಟ್ರ್ಯಾಕ್ಸ್, ಅಂಬಾಸಿಡರ್ ಕಾಲದಿಂದ ಟಾಪ್ ಮೇಲೆ ಕಟ್ಟಿಕೊಂಡೇ ಬಂದೇವಿ, ಏನಾಗಿದೆ?’ ಎಂಬ ವಾದವನ್ನು ತಳ್ಳಿಹಾಕುವ ಹಾಗಿಲ್ಲ. ಅವರು ಹೇಳುವುದು ಅವರ ಕಾಲಕ್ಕೆ, ಅವರ ರಸ್ತೆಗೆ ಸರಿ. ಗಾಳಿತಡೆ ವೇಗದ ಜೊತೆ ಸರಿಸಮ ಏರುವುದಿಲ್ಲ. ವೇಗ ಎರಡು ಪಟ್ಟಾದರೆ ತಡೆ ನಾಲ್ಕು ಪಟ್ಟಾಗುತ್ತದೆ. 100 ಕಿಮೀ ವೇಗದಲ್ಲಿ 12 ಕಿಲೋ ಎಳೆಯುವ ಗಂಟು 40ರ ವೇಗದಲ್ಲಿ ಎಳೆಯುವುದು 2 ಕಿಲೋ. ಚಿಂಚೋಳಿಯಿಂದ ಸೇಡಂ, ಸೇಡಂನಿಂದ ಚಿತ್ತಾಪುರದ ರಸ್ತೆಗಳಲ್ಲಿ ಬಂಡಿ, ಟ್ರ್ಯಾಕ್ಟರ್, ಹಂಪು, ಕುರಿಹಿಂಡು ಎಲ್ಲ ದಾಟಿಕೊಂಡು 40–50ರಲ್ಲಿ ಹೋಗುವವರಿಗೆ ಗಾಳಿಯ ಖರ್ಚು ಕಣ್ಣಿಗೂ ಬೀಳದು. ಅದೇ ಕಾರು ಸೇಡಂನಿಂದ ಗಡಿ ದಾಟಿ ಮೆಹಬೂಬ್‌ನಗರ, ಜಡ್ಚರ್ಲಾ ಮೂಲಕ 44ನೇ ರಾಷ್ಟ್ರೀಯ ಹೆದ್ದಾರಿಗೆ ಹತ್ತಿತು ಎನ್ನಿ. 2018ರಲ್ಲಿ ಕೇಂದ್ರ ಸರ್ಕಾರ ಇಂಥ ನಾಲ್ಕು ಪಥದ ರಸ್ತೆಗೆ ಕಾರುಗಳ ಗರಿಷ್ಠ ವೇಗವನ್ನು 100 ಎಂದು ನಿಗದಿ ಮಾಡಿತು. ರಸ್ತೆ ಖಾಲಿ, ಕಾಲು ಒತ್ತುತ್ತದೆ, ಗಾಳಿ ತನ್ನ ಲೆಕ್ಕ ತೆಗೆಯುತ್ತದೆ.

ಟಾಪ್ ಮೇಲೆ ಕಟ್ಟಲೇಬೇಕಾಗಿ ಬಂದರೆ ಅತಿ ಅಗ್ಗದ ಉಪಾಯ ಪೆಟ್ಟಿಗೆಯ ಅಂಗಡಿಯಲ್ಲಿಲ್ಲ, ಚಾಲಕನ ಕಾಲಿನಲ್ಲಿದೆ. 100ರ ಬದಲು 80ರಲ್ಲಿ ಹೋದರೆ ಕಾರಿನದೂ ಗಂಟಿನದೂ ಸೇರಿ ಇಡೀ ಗಾಳಿತಡೆ 36 ಪ್ರತಿಶತ ಇಳಿಯುತ್ತದೆ. ನೂರು ಕಿಲೋಮೀಟರಿಗೆ ಕಾಲು ಗಂಟೆ ತಡ. ಸಾವಿರಾರು ರೂಪಾಯಿಯ ನುಣುಪು ಪೆಟ್ಟಿಗೆ ಕೊಂಡು 110ರಲ್ಲಿ ಓಡಿಸುವವರಿಗಿಂತ ತಾಡಪತ್ರಿ ಬಿಗಿದು 80ರಲ್ಲಿ ಹೋಗುವವರ ಟ್ಯಾಂಕಿನಲ್ಲಿ ಹೆಚ್ಚು ಉಳಿದಿರುತ್ತದೆ.

ಹಗುರಾದದ್ದು ಮೇಲಿರಲಿ ಎಂಬ ಮಾತು

ಇಲ್ಲಿಯವರೆಗೆ ಗಾಳಿಯ ಮಾತಷ್ಟೇ ಆಯಿತು. ಅದು ಜೇಬಿನ ಪ್ರಶ್ನೆ. ಜೀವದ ಪ್ರಶ್ನೆ ಎತ್ತರದ್ದು, ಅಲ್ಲಿ ತೂಕ ಮತ್ತೆ ಒಳಗೆ ಬರುತ್ತದೆ. ಕಾರಿನ ಒಟ್ಟು ತೂಕವೆಲ್ಲ ಒಂದು ಬಿಂದುವಿನಲ್ಲಿ ನಿಂತಿದೆ ಎಂದು ಭಾವಿಸಿದರೆ ಆ ಬಿಂದು ನೆಲದಿಂದ ಸುಮಾರು 65 ಸೆಂಟಿಮೀಟರ್ ಮೇಲೆ ಇರುತ್ತದೆ. ತೂಕದ ನಡು ಎಂದುಕೊಳ್ಳಿ. 1,700 ಕಿಲೋ ಕಾರಿನ ಟಾಪ್ ಮೇಲೆ, 1.9 ಮೀಟರ್ ಎತ್ತರದಲ್ಲಿ 100 ಕಿಲೋ ಹೇರಿದರೆ ಈ ನಡು 7 ಸೆಂಟಿಮೀಟರ್ ಮೇಲೇರುತ್ತದೆ. ನಾಲ್ಕು ಬೆರಳು ಅಷ್ಟೆ, ಅದರಲ್ಲೇನು ಎನಿಸಬಹುದು. ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಸ್ಥೆ 2001ರ ಮಾದರಿಗಳಿಂದ ಕಾರು ಪಲ್ಟಿಯಾಗುವ ಸಂಭವಕ್ಕೆ ಅಂಕ ಕೊಡಲು ಆರಂಭಿಸಿದಾಗ ಮುಖ್ಯವಾಗಿ ಅಳೆದದ್ದು ಇದನ್ನೇ: ಎಡಬಲ ಚಕ್ರಗಳ ಅಂತರದ ಅರ್ಧಕ್ಕೂ ತೂಕದ ನಡುವಿನ ಎತ್ತರಕ್ಕೂ ಇರುವ ಅನುಪಾತ. ನಮ್ಮ ಕಾರಿನಲ್ಲಿ ಆ ಅಂಕ ಅಂದಾಜು 1.15 ಇದ್ದದ್ದು ಆ ನಾಲ್ಕು ಬೆರಳಿಗೇ 1.04ಕ್ಕೆ ಇಳಿಯುತ್ತದೆ. ಎದುರಿಗೆ ಕಲ್ಲಿನ ಲಾರಿ ಬಂದು ಸ್ಟಿಯರಿಂಗನ್ನು ಫಕ್ಕನೆ ಎಳೆದಾಗ ಈ ವ್ಯತ್ಯಾಸ ಮೈಗೆ ತಾಗುತ್ತದೆ.

ಈ ಸೀಮೆಯ ನೆಲವೂ ಇದರಲ್ಲಿ ಕೈ ಸೇರಿಸುತ್ತದೆ. ಎರೆಭೂಮಿ ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರುಕು ಬಿಟ್ಟು ಕುಗ್ಗುತ್ತದೆ. ಅದರ ಮೇಲೆ ಹಾಸಿದ ಡಾಂಬರು ವರ್ಷವರ್ಷ ಅಲೆಅಲೆಯಾಗುತ್ತದೆ, ಸಿಮೆಂಟ್ ಲಾರಿಗಳ ಭಾರ ಉಳಿದ ಕೆಲಸ ಮುಗಿಸುತ್ತದೆ. ಅಂಥ ರಸ್ತೆಯಲ್ಲಿ ಕಾರು ಎಡಬಲಕ್ಕೆ ಓಲಾಡುವಾಗ ಕಾಲಬುಡದ ಚೀಲ ಒಂದೆರಡು ಬೆರಳು ಅಲುಗಿದರೆ ಟಾಪ್ ಮೇಲಿನದು ಗೇಣುದ್ದ ತೂಗುತ್ತದೆ. ಪ್ರತಿ ಓಲಾಟದ ಕೊನೆಗೂ ಹಗ್ಗ, ಕ್ಯಾರಿಯರಿನ ಹಿಡಿಕೆ, ಟಾಪ್‌ನ ತಗಡು ಜಗ್ಗಿಸಿಕೊಳ್ಳುತ್ತವೆ. ಹಳೆಯ ಕಾರುಗಳ ಟಾಪ್‌ನ ಅಂಚಿಗೆ ಮಳೆನೀರಿನ ಕಾಲುವೆಯಂಥ ಗಟ್ಟಿ ಮಡಿಕೆ ಇರುತ್ತಿತ್ತು, ಕ್ಯಾರಿಯರ್ ಅದನ್ನು ಕಚ್ಚಿ ನಿಲ್ಲುತ್ತಿತ್ತು. ಈಗಿನವುಗಳಲ್ಲಿ ಅದಿಲ್ಲ. ಟಾಪ್ ಮೇಲೆ ಮಿರಮಿರ ಮಿಂಚುವ ಪಟ್ಟಿಗಳು ಎಷ್ಟೋ ಮಾದರಿಗಳಲ್ಲಿ ಬರೀ ಚೆಂದಕ್ಕೆ ಕೂರಿಸಿದವು. ಟಾಪ್ ಎಷ್ಟು ಕಿಲೋ ಹೊರಬಲ್ಲದು ಎಂದು ಕಾರಿನ ಜೊತೆ ಬಂದ ಪುಸ್ತಕದಲ್ಲಿ ಬರೆದಿದ್ದರೆ ಅದೇ ಮಿತಿ. ಕ್ಯಾರಿಯರಿನ ಸ್ವಂತ ತೂಕವೂ ಆ ಮಿತಿಯೊಳಗೇ ಸೇರುತ್ತದೆ. ಬರೆದಿಲ್ಲದಿದ್ದರೆ ಕಟ್ಟಬಾರದು ಎಂದೇ ಅರ್ಥ ಮಾಡಿಕೊಳ್ಳುವುದು ಕ್ಷೇಮ.

ಹಾಗಿದ್ದರೆ ಕಾಳು ಕೆಳಗೆ, ಹೊಟ್ಟು ಮೇಲೆ. ಅಂದರೆ ಭಾರದ ಸಾಮಾನು ಒಳಗೆ, ಕೌದಿ-ಹಾಸಿಗೆ ಟಾಪ್ ಮೇಲೆ ಎಂದು ಹಿರಿಯರು ಹೇಳುವುದು ಸರಿಯೆ? ಎತ್ತರದ ದೃಷ್ಟಿಯಿಂದ ಸಂಪೂರ್ಣ ಸರಿ. ಗಾಳಿಯ ದೃಷ್ಟಿಯಿಂದ ಸಂಪೂರ್ಣ ತಪ್ಪು, ಏಕೆಂದರೆ ಗಾಳಿ ಹಿಡಿಯುವುದು ಹೊಟ್ಟನ್ನೇ. ಟಾಪ್ ಎಂಬ ಜಾಗದ ಮೂಲ ದೋಷ ಇದು: ಭಾರವಾದದ್ದು ಇಟ್ಟರೆ ಪಲ್ಟಿಯ ಭಯ, ಹಗುರವಾದದ್ದು ಇಟ್ಟರೆ ಪೆಟ್ರೋಲಿನ ನಷ್ಟ. ಎರಡರಲ್ಲಿ ಒಂದನ್ನು ಆರಿಸಲೇಬೇಕಾದರೆ ಪೆಟ್ರೋಲು ಹೋಗಲಿ ಎನ್ನಬೇಕು. ಆದರೆ ಆರಿಸುವ ಮೊದಲು ಹೊಟ್ಟನ್ನು ಅಮುಕಿ ಚಿಕ್ಕದು ಮಾಡಬಹುದಲ್ಲ ಎಂದು ಕೇಳಿಕೊಳ್ಳಬೇಕು. ಕೌದಿಯ ಬಹುಪಾಲು ಗಾತ್ರ ಅದರೊಳಗಿನ ಗಾಳಿಯದೇ. ಬಿಗಿಯಾಗಿ ಸುತ್ತಿ ಹುರಿಯಿಂದ ಕಟ್ಟಿದರೆ, ಇಲ್ಲವೇ ಗಾಳಿ ಹೀರಿ ತೆಗೆಯುವ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿದರೆ, ಟಾಪ್ ಮೇಲೆ ಹೋಗಬೇಕಿದ್ದದ್ದು ಸೀಟಿನಡಿಗೆ ನುಗ್ಗುತ್ತದೆ.

ಹಿಂದೆ ಕಟ್ಟಿದರೆ?

ಪೊಳ್ಳಿನ ಮಾತನ್ನು ಗಮನವಿಟ್ಟು ಓದಿದವರಿಗೆ ಇಷ್ಟರಲ್ಲೇ ಒಂದು ಉಪಾಯ ಹೊಳೆದಿರಬೇಕು. ಕಾರಿನ ಬೆನ್ನ ಹಿಂದೆ ಹೇಗೂ ಪೊಳ್ಳು ಇದೆ, ಸಾಮಾನನ್ನು ಅದರಲ್ಲೇ ಇಟ್ಟರೆ ಗಾಳಿಗೆ ಕಾಣುವುದೇ ಇಲ್ಲವಲ್ಲ! ಉಪಾಯ ಸರಿಯಾಗಿದೆ, ಅಂಕಿಗಳೂ ಒಪ್ಪುತ್ತವೆ: ಬಂಪರಿನ ಹಿಂದೆ ಕೂರಿಸುವ ತಟ್ಟೆ ಅಥವಾ ಪೆಟ್ಟಿಗೆಗೆ ಊರೊಳಗೆ 1–2 ಪ್ರತಿಶತ, ಹೆದ್ದಾರಿಯಲ್ಲಿ 1ರಿಂದ 5 ಪ್ರತಿಶತ ನಷ್ಟವೆಂದು ಅದೇ ಅಮೆರಿಕದ ಲೆಕ್ಕ ಹೇಳುತ್ತದೆ. ಅಲ್ಲಿ ಅದು ರೂಢಿಯಲ್ಲಿರುವುದಕ್ಕೂ ಅರ್ಥವಿದೆ.

ನಮ್ಮಲ್ಲಿ ಇದಕ್ಕೆ ಅಡ್ಡಿಗಳು ಬೇರೆ. ನಮ್ಮ ಹೆಚ್ಚಿನ ಕುಟುಂಬ ಕಾರುಗಳಿಗೆ ಹಿಂದೆ ಕೊಂಡಿ ಬಂದಿರುವುದಿಲ್ಲ. ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿದ್ದು ಎಷ್ಟು ತಡೆಯುತ್ತದೆ ಎಂದು ಮಾಡಿದವನಿಗೂ ಗೊತ್ತಿರುವುದಿಲ್ಲ. ಹಿಂದಿನ ಚಕ್ರದಿಂದ 1.2 ಮೀಟರ್ ಆಚೆ 50 ಕಿಲೋ ತೂಗುಹಾಕಿದರೆ ಹಿಂದಿನ ಚಕ್ರಗಳ ಮೇಲೆ ಬೀಳುವುದು 50 ಅಲ್ಲ, ಸುಮಾರು 72 ಕಿಲೋ. ಮುಂದಿನ ಚಕ್ರಗಳು 22 ಕಿಲೋ ಹಗುರಾಗುತ್ತವೆ. ಸ್ಟಿಯರಿಂಗ್ ಇರುವುದು ಆ ಚಕ್ರಗಳಿಗೇ. ನಂಬರ್ ಪ್ಲೇಟು, ಬ್ರೇಕಿನ ದೀಪ ಮುಚ್ಚಿಹೋದರೆ ಕಾನೂನಿನ ತೊಡಕು ಬೇರೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಕಂಪನಿ ನಮೂದಿಸಿದ ವಿವರಕ್ಕೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವುದನ್ನು ತಡೆಯುತ್ತದೆ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಬಿಗಿಯಾಗಿ ಓದಿತು. ವೆಲ್ಡ್ ಮಾಡಿಸುವ, ತೂತು ಕೊರೆಸುವ ಯೋಚನೆಯಿದ್ದರೆ ಮೊದಲು ಕಲಬುರಗಿಯ ಆರ್‌ಟಿಒ ಕಚೇರಿಯಲ್ಲಿ ಕೇಳುವುದು ಒಳ್ಳೆಯದು. ಗಾಳಿ ಒಪ್ಪಿದ ಜಾಗವನ್ನು ಹೀಗೆ ಉಳಿದವರೆಲ್ಲ ಒಪ್ಪದೆ ಹೋಗುತ್ತಾರೆ.

ಒಳಗಿನ ಜಾಗ

ಉಳಿದದ್ದು ಕಾರಿನ ಒಡಲು. ಅಲ್ಲಿ ಇಡುವ ಪ್ರತಿ ಲೀಟರಿಗೂ ಗಾಳಿಯ ಖರ್ಚು ಸೊನ್ನೆ, ತೂಕದ ನಡುವೂ ಕೆಳಗೇ ಉಳಿಯುತ್ತದೆ. ಏಳು ಸೀಟಿನ ಕಾರಿನಲ್ಲಿ ಆರೇ ಜನ ಹೊರಟಿದ್ದರೆ ಎರ್ಟಿಗಾದಂಥ ಕಾರಿನ ಮೂರನೇ ಸಾಲಿನ ಅರ್ಧವನ್ನು ಮಡಚಬಹುದು. ಟ್ರೈಬರಿನ ಕೊನೆಯ ಸೀಟುಗಳನ್ನು ಕಿತ್ತು ಮನೆಯಲ್ಲೇ ಇಟ್ಟು ಹೋಗಬಹುದು. ಐದು ಜನರ ಪಾಲಿಗೆ 84 ಲೀಟರಿನ ಡಿಕ್ಕಿ 625 ಆಗುತ್ತದೆ. ಗಟ್ಟಿ ಸೂಟ್‌ಕೇಸುಗಳ ಬದಲು ಮೆತ್ತನೆಯ ಚೀಲಗಳನ್ನು ಬಳಸಿದರೆ ಡಿಕ್ಕಿಯ ಮೂಲೆ, ಚಕ್ರದ ಉಬ್ಬಿನ ಪಕ್ಕ, ಸೀಟಿನಡಿ ಎಲ್ಲ ತುಂಬುತ್ತವೆ. ನಾಲ್ಕು ಗಟ್ಟಿ ಪೆಟ್ಟಿಗೆಗಳ ನಡುವೆ ಉಳಿಯುವ ಖಾಲಿ ಸಂದಿಗಳನ್ನು ಒಟ್ಟುಗೂಡಿಸಿದರೆ ಇನ್ನೊಂದು ಚೀಲಕ್ಕೆ ಜಾಗವಾಗುತ್ತದೆ. ಹೆಚ್ಚಿನ ಜಾಗಕ್ಕೆಂದು ದುಡ್ಡು ಖರ್ಚು ಮಾಡುವುದಿದ್ದರೆ ಪೆಟ್ಟಿಗೆಗಿಂತ ಮೊದಲು ಇಂಥ ಚೀಲಗಳಿಗೇ ಮಾಡಬೇಕು ಎಂಬುದು ಈ ಲೇಖಕನ ಪಕ್ಷಪಾತ.

ಒಳಗೆ ಇಡುವುದು ಅಪಾಯವಲ್ಲವೆ ಎಂಬ ಆಕ್ಷೇಪ ಗಟ್ಟಿಯಾದದ್ದು. ಗಂಟೆಗೆ 50 ಕಿಮೀ ವೇಗದಲ್ಲಿ ಡಿಕ್ಕಿ ಹೊಡೆದು ಕಾರು ಥಟ್ಟನೆ ನಿಂತರೂ ಕಟ್ಟದೆ ಇಟ್ಟ ಚೀಲ ನಿಲ್ಲುವುದಿಲ್ಲ, ಅದೇ ವೇಗದಲ್ಲಿ ಮುಂದೆ ಹಾರುತ್ತದೆ. ಆ ಹೊಡೆತ ಅದೇ ಚೀಲ 10 ಮೀಟರ್ ಎತ್ತರದಿಂದ, ಅಂದರೆ ಮೂರನೇ ಮಹಡಿಯಿಂದ ತಲೆಯ ಮೇಲೆ ಬಿದ್ದಂತೆ. ಹಾಗಾಗಿ ಭಾರದ್ದೆಲ್ಲ ಸೀಟಿನ ಬೆನ್ನಿಗೆ ಒತ್ತಿಕೊಂಡು ಡಿಕ್ಕಿಯ ತಳದಲ್ಲಿ, ಸೀಟಿನ ಎತ್ತರಕ್ಕಿಂತ ಮೇಲೆ ಏನೂ ಇಲ್ಲದಂತೆ ಇರಬೇಕು. ಹಿಂದಿನ ಗಾಜಿನ ಕೆಳಗಿನ ಹಲಗೆಯ ಮೇಲೆ ಸ್ಟೀಲಿನ ಡಬ್ಬಿ ಇಡುವುದಂತೂ ಬೇಡವೇ ಬೇಡ. ಟಾಪ್ ಮೇಲಿನದಕ್ಕೂ ಈ ನಿಯಮ ತಪ್ಪಿದ್ದಲ್ಲ. ಜೋರಾಗಿ ಬ್ರೇಕ್ ಒತ್ತಿದರೆ 40 ಕಿಲೋ ಗಂಟು 30 ಕಿಲೋಗೂ ಹೆಚ್ಚಿನ ಬಲದಿಂದ ಮುಂದಕ್ಕೆ ಜಗ್ಗುತ್ತದೆ. ನೈಲಾನ್ ಹಗ್ಗ, ರಬ್ಬರಿನ ಹುರಿ ಹಿಗ್ಗುವಂಥವು. ಹಿಗ್ಗಿದಷ್ಟು ಗಂಟು ಸರಿಯುತ್ತದೆ, ಸರಿದು ಜಗ್ಗಿದಾಗ ಹೊಡೆತ ಇನ್ನೂ ಜೋರು. ಲಾರಿಯವರು ಬಳಸುವ, ಹಲ್ಲಿನ ಹಿಡಿಕೆಯಿಂದ ಬಿಗಿಯುವ ಪಟ್ಟಿ ಲೇಸು. ಆ ಪಟ್ಟಿಯನ್ನು ಎಳೆದು ಕಟ್ಟುವಾಗ ಒಂದು ಸುತ್ತು ತಿರುಚಿ ಕಟ್ಟಿದರೆ ಹೆದ್ದಾರಿಯಲ್ಲಿ ಕಿವಿಗೆ ಕೊರೆಯುವ ‘ಭೊರ್ರ್’ ಸದ್ದು ನಿಲ್ಲುತ್ತದೆ. ಚಪ್ಪಟೆ ಪಟ್ಟಿ ಗಾಳಿಯಲ್ಲಿ ಒಂದೇ ತಾಳಕ್ಕೆ ನಡುಗುತ್ತದೆ, ತಿರುಚಿದ್ದು ಒಂದೊಂದು ಕಡೆ ಒಂದೊಂದು ಮುಖ ಕೊಡುವುದರಿಂದ ಆ ತಾಳ ಕೂಡುವುದಿಲ್ಲ.

ಇನ್ನೊಂದು ಮಿತಿ ಒಳಗೂ ಹೊರಗೂ ಒಂದೇ. 65 ಕಿಲೋದ ಏಳು ಜನ ಕೂತರೆ ಅಲ್ಲಿಗೇ 455 ಕಿಲೋ ಆಯಿತು. ಈ ಬಗೆಯ ಕಾರುಗಳು ಜನ-ಸಾಮಾನು ಸೇರಿ ಹೊರಬಲ್ಲದ್ದು ಸಾಮಾನ್ಯವಾಗಿ ಐದಾರು ನೂರು ಕಿಲೋ ಆಸುಪಾಸು. ಸಾಮಾನಿಗೆ ಉಳಿಯುವುದು ಎಷ್ಟು ಎಂದು ಲೆಕ್ಕ ಹಾಕಿಕೊಳ್ಳಿ. ಮೇ ತಿಂಗಳ ನಡುಹಗಲು, ತುಂಬಿದ ಕಾರು, ಗಾಳಿ ಕಡಿಮೆಯಿರುವ ಟೈರು, ಈ ಮೂರು ಕೂಡಿದರೆ ಟೈರಿನ ಪಕ್ಕೆ ಅತಿಯಾಗಿ ಮಡಚಿ ಬಿಚ್ಚಿ ಕಾಯುತ್ತದೆ, ಸಿಡಿಯಲು ಅಷ್ಟು ಸಾಕು. ಚಾಲಕನ ಬಾಗಿಲ ಕಂಬದ ಮೇಲೆ ತುಂಬಿದ ಕಾರಿಗೆ ಬೇರೆ ಗಾಳಿಯೊತ್ತಡ ಬರೆದಿದ್ದರೆ ಹೊರಡುವ ಮುಂಜಾನೆ, ಟೈರು ತಣ್ಣಗಿದ್ದಾಗ, ಅಷ್ಟು ತುಂಬಿಸಿಕೊಳ್ಳಬೇಕು.

ಊರಿಂದ ಹೊರಡುವ ಹೊರೆ

ಯಾತ್ರೆಗೆ ಹೋಗುವಾಗಿನ ಗಂಟು ಹೊಟ್ಟಿನ ಜಾತಿಯದಾದರೆ, ಹಬ್ಬಕ್ಕೆ ಊರಿಗೆ ಬಂದವರು ಬೆಂಗಳೂರಿಗೋ ಹೈದರಾಬಾದಿಗೋ ಮರಳುವಾಗ ಹೇರಿಕೊಳ್ಳುವುದು ಅಸಲು ಕಾಳನ್ನೇ. 2019ರಲ್ಲಿ ಭೌಗೋಳಿಕ ಗುರುತು ಪಡೆದ ಕಲಬುರಗಿಯ ತೊಗರಿಬೇಳೆ, ಬಿಳಿಜೋಳ, ಮೇಲೊಂದು ಹಿಂಡಿಯ ಡಬ್ಬಿ. 50 ಕಿಲೋ ಜೋಳದ ಚೀಲ ಹಿಡಿಯುವ ಜಾಗ 70 ಲೀಟರ್ ಮಾತ್ರ. ನೋಡಲು ಚಿಕ್ಕದು, ಆದ್ದರಿಂದಲೇ ‘ಟಾಪ್ ಮ್ಯಾಲ ಒಗೀರಿ’ ಎನ್ನುವುದು ಸುಲಭ. ಮಾಡಬಾರದ್ದು ಇದನ್ನೇ. ಮನೆ ಕಟ್ಟಿಸುತ್ತಿರುವವರು ಎರಡು ಶಹಾಬಾದಿ ಫರ್ಸಿ ತೋರಿಸಲೆಂದು ಒಯ್ಯುವುದೂ ಉಂಟು. ಎರಡು ಅಡಿ ಚೌಕದ, ಒಂದು ಇಂಚು ದಪ್ಪದ ಫರ್ಸಿ ಸುಮಾರು 25 ಕಿಲೋ ತೂಗುತ್ತದೆ, ಜೋಡಿಗೆ 50. ಅವು ಮಧ್ಯದ ಸಾಲಿನ ಕಾಲಬುಡದಲ್ಲಿ, ಎರಡು ಅಚ್ಚುಗಳ ನಡುವೆ ಚಪ್ಪಟೆಯಾಗಿ ಮಲಗಬೇಕಾದವು. ಜೋಳದ ಚೀಲವನ್ನು ಎರಡು ಮಾಡಿ ಎಡಬಲ ಹಂಚಿದರೆ ಕಾರು ಒಂದು ಕಡೆಗೆ ವಾಲುವುದಿಲ್ಲ. ಕ್ವಿಂಟಲ್ ಲೆಕ್ಕದಲ್ಲಿ ಒಯ್ಯುವವರು ಅದನ್ನು ಸರ್ಕಾರಿ ಬಸ್ಸಿನ ಪಾರ್ಸೆಲ್ಲಿಗೋ ರೈಲಿಗೋ ಹಾಕಿದರೆ ಕಾರಿಗೂ ಕುಟುಂಬಕ್ಕೂ ಹಿತ.

ಊರು ಸೇರಿದ ಮೇಲೆ ಮಾಡುವ ಒಂದು ಕೆಲಸ ಉಳಿದಿದೆ, ಹೆಚ್ಚಿನವರು ಬಿಡುವುದು ಅದನ್ನೇ. ಖಾಲಿ ಕ್ಯಾರಿಯರೂ ಗಾಳಿಗೆ ಕಾಣುತ್ತದೆ. ಅದರ ಒಂದೊಂದು ಸರಳಿನ ಹಿಂದೆಯೂ ಒಂದೊಂದು ಸಣ್ಣ ಪೊಳ್ಳು. ಕ್ಯಾಲಿಫೋರ್ನಿಯದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಂದಾಜಿನ ಪ್ರಕಾರ ಅಮೆರಿಕದ ಕಾರುಗಳು, ಹಗುರ ವಾಹನಗಳು ಸುಡುವ ಇಂಧನದಲ್ಲಿ ಸುಮಾರು 0.08 ಪ್ರತಿಶತ ಟಾಪ್ ಮೇಲಿನ ಈ ಚೌಕಟ್ಟುಗಳಿಗೇ ಹೋಗುತ್ತದೆ, ಅದರಲ್ಲಿ ಗಣನೀಯ ಪಾಲು ಏನೂ ಹೇರದೆ ಖಾಲಿ ಓಡಾಡುವವುಗಳದು. ವರ್ಷಕ್ಕೆ ಎರಡು ಯಾತ್ರೆಗಾಗಿ ಹಾಕಿಸಿದ ಕ್ಯಾರಿಯರ್ ಉಳಿದ ದಿನವೆಲ್ಲ ಸೇಡಂ–ಕಲಬುರಗಿ ನಡುವೆ ಖಾಲಿ ಓಡುವುದಕ್ಕೆ ಕಾರಣವೇ ಇಲ್ಲ. ಬಿಚ್ಚಲು ನಾಲ್ಕು ಬೋಲ್ಟು, ಒಂದು ಪಾನಾ. ಬೋಲ್ಟುಗಳನ್ನು ಒಂದು ಸಣ್ಣ ಚೀಲದಲ್ಲಿ ಹಾಕಿ ಅದೇ ಕ್ಯಾರಿಯರಿಗೆ ಕಟ್ಟಿಟ್ಟರೆ ಮುಂದಿನ ಸಲ ಹುಡುಕಬೇಕಾಗುವುದಿಲ್ಲ.